ಇಗ್ವಾನಾ ತೊಟ್ಟಿಯ ಮೇಲಿನ ಟವೆಲ್ಲು

‘ಒಂದು ಓತಿಕ್ಯಾತಕ್ಕಾಗಿ ನೇಕಾರ ಶರಣಪ್ಪ ಕೈ ಕಳಕೊಂಡ’ ಎಂದು ತೆಲಂಗಾಣದ ಗಡಿಯೂರು ಮಕ್ತಲ್‌ನಲ್ಲಿ ಈಗಲೂ ಹೇಳುತ್ತಾರೆ. ಹೇಳಿ ನಗುತ್ತಾರೆ. ನನ್ನ ತಕರಾರು ಇರುವುದು ಆ ನಗುವಿನ ಮೇಲೆ. ಅದು ಓತಿಕ್ಯಾತ ಆಗಿರಲಿಲ್ಲ ಎಂಬುದು ಸಣ್ಣ ತಿದ್ದುಪಡಿ. ಶರಣಪ್ಪನ ಹುಚ್ಚುತನದಿಂದಲೇ ಎಲ್ಲ ಆಯಿತು ಎನ್ನುವುದು ಮಾತ್ರ ಸುಳ್ಳು. ಹೇಳುವವರಲ್ಲಿ ಹೆಚ್ಚಿನವರು ಅಂದು ಅಲ್ಲಿರಲಿಲ್ಲ. ನಾನಿದ್ದೆ.

ಕೊರೊನಾ ಕಳೆದ ಮರುವರ್ಷ ಅದು. ಪದವಿ ಮುಗಿಸಿ, ಮಕ್ತಲ್‌ನ ಬಸವರಾಜಣ್ಣನ ಸಾಕುಪ್ರಾಣಿ ಅಂಗಡಿಯಲ್ಲಿ ಆನ್‌ಲೈನ್ ಮಾರಾಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನಮ್ಮ ಕಡೆಯ ಉಡ, ನಕ್ಷತ್ರ ಆಮೆಗಳನ್ನು ಮಾರಿದರೆ ಜೈಲು. ನಾವು ಮಾರುತ್ತಿದ್ದದ್ದು ಕಾಗದಪತ್ರವಿರುವ ವಿದೇಶಿ ಸರೀಸೃಪ: ಬಾಲ್ ಪೈಥಾನ್ ಹಾವು, ಗೆಕ್ಕೋ ಹಲ್ಲಿ, ಉಡದಂಥ ಇಗ್ವಾನಾ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು, ಕೆಳಗೆ ಒಂದು ಸಾಲು ಬರೆಯುವುದು ನನ್ನ ಕೆಲಸ: ‘ಮೊದಲು ಹಣ ಹಾಕಿದವರಿಗೆ. ಹೋಲ್ಡ್ ಇಲ್ಲ.’ ಹೋಲ್ಡ್ ಎಂದರೆ ಬಾಯಿಮಾತಿಗೆ ಪ್ರಾಣಿಯನ್ನು ಎತ್ತಿಡುವುದು.

ಈ ನಿಯಮದ ಪರ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ‘ನಂದೇ’ ಎಂದು ಹೇಳಿ ಮಾಯವಾಗುವವರಿಂದ ಪ್ರಾಣಿ ವಾರಗಟ್ಟಲೆ ಅಂಗಡಿಯಲ್ಲೇ ಕೊಳೆಯುತ್ತದೆ. ಫೋನಿಗೆ ಬಂದ ಹಣಕ್ಕೆ ಜಾತಿ ಇಲ್ಲ, ಬೀಗತನ ಇಲ್ಲ. ಯಾರು ಮೊದಲು, ಅವರಿಗೆ. ಇದಕ್ಕಿಂತ ನ್ಯಾಯ ಏನಿದೆ?

ಶರಣಪ್ಪ ನಾರಾಯಣಪೇಟೆಯಲ್ಲಿ ಸೀರೆ ನೇಯುವವರು. ಹಸಿರು ಇಗ್ವಾನಾ ಬಂದಿದೆ ಎಂದು ಕೇಳಿ, ಗುಂಪಿಗೆ ಫೋಟೋ ಹಾಕುವ ಮೊದಲೇ ಅಂಗಡಿಗೆ ಬಂದರು. ದಾಸವಾಳದ ಎಲೆ ಹಿಡಿದರೆ ಅದು ಅವರ ಕೈಯಿಂದಲೇ ತಿಂದಿತು.

‘ಇದನ್ನ ತಗೊಂಡು ಏನ್ ಮಾಡ್ತೀರಿ ಕಾಕಾ?’ ಅಂದೆ.

‘ಮಗ್ಗದ ಬಾಜೂಕ ಇಟ್ಕೋತೀನವ್ವಾ. ಮನ್ಯಾಗ ಮಾತಾಡೋರು ಭಾಳ ಅದಾರ. ಇದು ಸುಮ್ನ ಕುಂತು ನನ್ನ ಕೆಲಸ ನೋಡ್ತೈತಿ.’

ಅವರ ಫೋನು ಬಟನ್ನಿನದು. ನಗದು, ಆಧಾರ್ ಕಾರ್ಡು ತರಲು ಊರಿಗೆ ಹೋಗಬೇಕಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಗಾಜಿನ ತೊಟ್ಟಿಯ ಮೇಲೆ ಹಾಸಿದರು. ‘ಹೋಗಿ ಬರ್ತೀನ್ರೀ ಬಸವರಾಜಣ್ಣ’ ಅಂದರು. ‘ಹೋಗಿ ಬರ್ರಿ, ಹೋಗಿ ಬರ್ರಿ’ ಅಂದ ನಮ್ಮ ಮಾಲೀಕ. ನಾರಾಯಣಪೇಟೆ ಕಡೆಯ ಸೀರೆ ವ್ಯಾಪಾರದಲ್ಲಿ ಒಂದು ರೂಢಿಯಿದೆ. ಸೀರೆ ಗಂಟಿನ ಮೇಲೆ ಒಬ್ಬ ಟವೆಲ್ಲು ಹಾಕಿದರೆ, ಅವನು ಎತ್ತುವ ತನಕ ಇನ್ನೊಬ್ಬ ಬೆಲೆ ಕೇಳುವುದಿಲ್ಲ.

ಬೈಕಿನ ಸದ್ದು ಮರೆಯಾಗುವ ಮೊದಲೇ ಬಸವರಾಜಣ್ಣ ಫೋನು ಎತ್ತಿದ. ಆ ಕಡೆ ಗದ್ವಾಲದ ಜರಿ ವ್ಯಾಪಾರಿ ವಿಶ್ವನಾಥ, ನಮ್ಮ ಹಳೆಯ ಗಿರಾಕಿ.

‘ಸಾವ್ಕಾರ್ರ, ಕ್ಯೂಆರ್ ಕಳಿಸೀನಿ, ಲಗೂನ ಹಾಕ್ರಿ. ಇಲ್ಲೊಬ್ಬ ಟವೆಲ್ಲು ಹಾಕಿ ಹೋಗ್ಯಾನ.’

ಹಣ ಬಂತು. ಅದಾದ ಮೇಲೆ ಗುಂಪಿಗೆ ಫೋಟೋ ಹಾಕಲು ನನಗೆ ಹೇಳಿದ, ‘ಮಾರಾಟವಾಗಿದೆ’ ಎಂಬ ಪಟ್ಟಿಯ ಜೊತೆಗೆ.

ಶರಣಪ್ಪ ತಂತಿಯ ಪಂಜರ ಹಿಡಿದು ಮರಳಿದಾಗ ವಿಶ್ವನಾಥ ಮತ್ತು ಅವನ ಡ್ರೈವರ್ ತೊಟ್ಟಿಯನ್ನು ಎತ್ತುತ್ತಿದ್ದರು. ಚೆಲ್ಲಿದ ನೀರಿನ ಮೇಲೆ ಟವೆಲ್ಲು ಬಿದ್ದಿತ್ತು. ಡ್ರೈವರ್ ಜಾರದಿರಲೆಂದು ಅದರ ಮೇಲೆ ನಿಂತಿದ್ದ.

‘ಅದು ನನ್ನ ಟವೆಲ್ಲು.’

‘ತಗೊಂಡು ಹೋಗೋ ಮಾರಾಯಾ,’ ವಿಶ್ವನಾಥ ನಕ್ಕ, ‘ಒಗಸ್ಕೋ. ಮಾಲು ನಂದೈತಿ.’

ಶರಣಪ್ಪ ಪಂಜರ ಬೀಸಿದರು. ಅದರ ಮೂಲೆ ವಿಶ್ವನಾಥನ ಬಾಯಿಗೆ ಬಡಿಯಿತು. ಹಲ್ಲು ಮುರಿದ ಸದ್ದು ನನಗೆ ಗಲ್ಲಾದ ತನಕ ಕೇಳಿತು. ಡ್ರೈವರ್ ತೊಟ್ಟಿ ಕೈಬಿಟ್ಟು ಶರಣಪ್ಪನ ಕುತ್ತಿಗೆ ಹಿಡಿದ. ತೊಟ್ಟಿ ನೆಲಕ್ಕೆ ಬಿದ್ದು ಒಡೆಯಿತು. ಇಗ್ವಾನಾ ಹೊರಗೆ ಜಿಗಿಯುವಾಗ ವಿಶ್ವನಾಥ ಅದರ ಬಾಲ ಹಿಡಿದ, ಬಾಲ ಕಿತ್ತು ಅವನ ಮುಷ್ಟಿಯಲ್ಲೇ ಉಳಿಯಿತು, ಉಳಿದು ಹಾವಿನಂತೆ ಹೊರಳಿತು. ಅವನು ಚೀರಿ ಅದನ್ನು ಎಸೆದ. ಡ್ರೈವರ್ ಶರಣಪ್ಪನನ್ನು ಕೆಡವಿ, ಗಾಜಿನ ಮೇಲೆ ಊರಿದ್ದ ಅವರ ಬಲಗೈಯನ್ನು ಬೂಟುಗಾಲಿನಿಂದ ತುಳಿದ. ಒಮ್ಮೆ ತುಳಿದರೆ ಸಿಟ್ಟು ಎನ್ನಬಹುದಿತ್ತು. ಅವನು ಹಿಮ್ಮಡಿ ತಿರುಗಿಸಿದ. ನಾನು ಅವನ ಅಂಗಿ ಹಿಡಿದು ಎಳೆದೆ. ಮೊಣಕೈಯಿಂದ ನನ್ನ ಹುಬ್ಬು ಒಡೆದ. ಬಸವರಾಜಣ್ಣ ಗಲ್ಲಾದ ಹಿಂದಿನಿಂದ ‘ಲೈಟು, ಲೈಟು ಒಡೀತಾವ’ ಎಂದು ಕೂಗುತ್ತಿದ್ದ.

ಗಲಾಟೆಯಲ್ಲಿ ಮಗುಚಿದ ತೊಟ್ಟಿಯ ಕಬ್ಬಿಣದ ಚೌಕಟ್ಟಿನಡಿ ಇಗ್ವಾನಾ ಸಿಕ್ಕಿ ಸತ್ತಿತ್ತು. ಬಿಸಿಲಿನ ಬದಲು ಅದಕ್ಕೆ ಬೇಕಾದ ಯುವಿ ದೀಪ ಮನೆಯಲ್ಲಿ ಇದೆಯೇ ಎಂದು ಇಬ್ಬರನ್ನೂ ಯಾರೂ ಕೇಳಿರಲಿಲ್ಲ. ನಮ್ಮ ನಿಯಮದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಠಾಣೆಯಲ್ಲಿ ಬಸವರಾಜಣ್ಣ ಗುಂಪಿನ ಸಾಲು ತೋರಿಸಿದ. ‘ರೂಲು ಬರದೈತ್ರೀ. ಟವೆಲ್ಲು ಗಿವೆಲ್ಲು ನನಗೇನು ಗೊತ್ತು? ಮರೆತು ಹೋಗ್ಯಾರ ಅನ್ಕೊಂಡೆ.’ ನಾನು ಕೇಳಿಸಿಕೊಂಡಿದ್ದ ಫೋನಿನ ಮಾತನ್ನು ಜಮಾದಾರರ ಎದುರು ಹೇಳಿದೆ. ಅವರು ತೆಲುಗಿನಲ್ಲಿ ‘ಅದಿ ಕೇಸು ಕಿಂದ ರಾದಮ್ಮಾ’ ಅಂದರು. ಅದು ಕೇಸಿಗೆ ಬರುವುದಿಲ್ಲವಂತೆ. ಹಲ್ಲಿಗೂ ಕೈಗೂ ಸರಿಹೋಯಿತು ಎಂದು ರಾಜಿ ಬರೆಸಿದರು. ಅಂಗಡಿಯ ಹೆಸರು ಅದರಲ್ಲಿ ಬರಲೇ ಇಲ್ಲ.

ಶರಣಪ್ಪನ ಬಲಗೈಯ ನರ ಕಡಿದಿತ್ತು. ಮಗ್ಗದಲ್ಲಿ ನೂಲಿನ ಲಾಳಿ ಓಡಿಸುವ ಹಗ್ಗ ಎಳೆಯುವುದು ಆ ಕೈಯೇ. ಮನೆಗೆ ಹೋಗಿ ನೋಡಿದೆ. ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎಳೆದು ತೋರಿಸಿದರು. ಲಾಳಿ ನಡುವಿನಲ್ಲೇ ನಿಂತಿತು.

‘ನಾ ಹೊಡದದ್ದು ತಪ್ಪೇ. ಅವ್ವಾ, ನೀ ಓದಿದಾಕಿ. ಒಂದು ಹೇಳು, ಓಡು ಅಂತ ಅವನೊಬ್ಬಂಗ ಹೇಳಿ, ಗೆದ್ದಾಂವ ಅವನೇ ಅಂದ್ರ ಅದು ಪಂದ್ಯ ಹೆಂಗಾತು?’

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಅಲ್ಲಿ ಕಲಿಯದ್ದನ್ನು ಈ ಕೆಲಸ ನನಗೆ ಕಲಿಸಿತು: ‘ಮೊದಲು ಹಣ ಹಾಕಿದವರಿಗೆ’ ಎಂಬ ನಿಯಮ ಪಕ್ಷಪಾತವನ್ನು ತೆಗೆಯುವುದಿಲ್ಲ. ಮಾಲು ಇದೆ ಎಂದು ಮೊದಲು ಯಾರಿಗೆ ಹೇಳುತ್ತಾರೆ, ಹೇಗೆ ಕೊಡಬೇಕು ಎನ್ನುತ್ತಾರೆ, ಪಕ್ಷಪಾತ ಅಲ್ಲಿ ಹೋಗಿ ಕೂರುತ್ತದೆ. ನಿಯಮ ಶುರುವಾಗುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿರುತ್ತದೆ.

ಮರುವಾರ ಬಸವರಾಜಣ್ಣ ಹೊಸ ತೊಟ್ಟಿ ತರಿಸಿ, ನನ್ನ ಮುಂದೆ ಒಂದು ರಟ್ಟು ಇಟ್ಟ. ‘ದಪ್ಪ ಅಕ್ಷರದಾಗ ಬರಿ ತಂಗಿ. ಇಲ್ಲಿ ಟವೆಲ್ಲು ಹಾಕಿದರೆ ನಡೆಯುವುದಿಲ್ಲ.’

ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಪೆನ್ನನ್ನು ರಟ್ಟಿನ ಮೇಲೆ ಇಟ್ಟೆ. ಅವನು ಹೊಸ ತೊಟ್ಟಿಯ ದೀಪಗಳ ಒಂದೊಂದೇ ಗುಂಡಿ ಒತ್ತುತ್ತಾ ನನಗೆ ಬೆನ್ನು ಮಾಡಿ ನಿಂತಿದ್ದ.

‘ಅಣ್ಣಾ, ಟವೆಲ್ಲಂದ್ರ ಏನಂತ ನಿಮಗ ಗೊತ್ತಿರಲಿಲ್ಲ ಅಂದ್ರ, ಅವತ್ತು ಸಾವ್ಕಾರ್ರಿಗೆ ಲಗೂನ ಹಾಕ್ರಿ ಅಂತ ಯಾಕ ಅಂದ್ರಿ?’