ಬಚ್ಚಲೊಲೆಯ ಬೂದಿ

ಅಡುಗೆಮನೆಯ ಬಾಗಿಲಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ ಇರಬೇಕು. ಪಕ್ಕದ ಮನೆಯಾಕೆ ಬಂದು, ಹಿಂದುಗಡೆ ಹೊಗೆ ಕಾಣ್ತಾ ಇದೆ, ನಿಮ್ಮ ಒಲೆ ಉರೀತಾ ಇದೆಯಾ ಎಂದು ಕೇಳಿದರು. ಇಲ್ಲ, ಊಟವಾಗಿ ಎಷ್ಟೋ ಹೊತ್ತಾಯಿತು ಎಂದೆ. ಅವರು ಹೋದರು. ನಾನು ಇನ್ನೂ ನಾಲ್ಕು ಹಣ್ಣು ಜಜ್ಜಿದೆ. ಆಮೇಲೆ ಚಟಪಟ ಎಂದು ಕೇಳಿಸಿತು. ಒಣಗಿದ ತೆಂಗಿನ ಗರಿಗೆ ಬೆಂಕಿ ಹತ್ತಿದ ಸದ್ದು ತೋಟದ ಕಡೆಯಿಂದ ಬಂದವರಿಗೆ ತಪ್ಪುವುದಿಲ್ಲ. ಅಂಟು ಕೈಯಲ್ಲೇ ಹಿತ್ತಲ ಬಾಗಿಲು ತೆಗೆದೆ. ನಮ್ಮ ಮನೆಯ ಹಿಂದಿನ ಸೌದೆ ರಾಶಿ ಆಳೆತ್ತರಕ್ಕೆ ಉರಿಯುತ್ತಿತ್ತು.

ಆಗ ನಾವು ತುಮಕೂರಿನಲ್ಲಿ ಆರು ಮನೆಗಳ ಒಂದು ಸಾಲಿನಲ್ಲಿ ಬಾಡಿಗೆಗಿದ್ದೆವು. ಎಮರ್ಜೆನ್ಸಿ ಮುಗಿದು ಎರಡು ಮೂರು ವರ್ಷವಾಗಿತ್ತು. ಮೊದಲ ಮನೆಯಲ್ಲಿ ಓನರ್, ಮೂರನೆಯದರಲ್ಲಿ ನಾವು. ನಮ್ಮ ಯಜಮಾನರು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೆಳಗ್ಗೆ ಸೈಕಲ್ ಹತ್ತಿದರೆ ಬರುವುದು ಸಂಜೆಗೇ. ಮಗಳು ಬೇಸಿಗೆ ರಜಕ್ಕೆಂದು ಕುಣಿಗಲ್ ಕಡೆ ಕೊತ್ತಗೆರೆಗೆ, ನನ್ನ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಸಾಲುಮನೆಗಳ ಹಿಂದೆ ಒಂದು ಸಣ್ಣ ಓಣಿ ಇತ್ತು. ಅದು ಮುನಿಸಿಪಾಲ್ಟಿಯದು. ಹಿಂದೆ ಪಾಯಿಖಾನೆ ತೊಳೆಯುವವರು ಓಡಾಡಲಿ ಎಂದು ಬಿಟ್ಟ ಜಾಗ. ಆ ಕೆಲಸ ನಿಂತ ಮೇಲೆ ಆರು ಮನೆಯವರೂ ಅಲ್ಲಿ ಸೌದೆ ಒಟ್ಟಿಕೊಂಡಿದ್ದೆವು. ನಮ್ಮದೇ ಎಲ್ಲರಿಗಿಂತ ದೊಡ್ಡ ರಾಶಿ. ಚೇಳೂರಿನ ತೋಟದಿಂದ ನನ್ನ ಮೈದುನ ಗಾಡಿಯಲ್ಲಿ ಗುಬ್ಬಿಗೆ ತಂದು, ಅಲ್ಲಿ ಬಸ್ಸಿನ ಟಾಪಿಗೆ ಹಾಕಿ ಮಟ್ಟೆ, ಗರಿ, ಚಿಪ್ಪಿನ ಮೂಟೆ ಕಳಿಸುತ್ತಿದ್ದ. ಸೌದೆಗೆ ಡಿಪೋ ಮುಂದೆ ನಿಲ್ಲಬೇಕಾಗಿಲ್ಲವಲ್ಲ ಎಂದು ನಾನು ಅದನ್ನು ದೇವರು ಕೊಟ್ಟ ಅನುಕೂಲವೆಂದೇ ತಿಳಿದಿದ್ದೆ. ಓಣಿಯ ಕೊನೆಯಲ್ಲಿ, ಆರನೇ ಮನೆ ದಾಟಿದ ಮೇಲೆ, ಒಂದು ಹೊಂಗೆ ಮರ. ಅದರ ಕೆಳಗೆ ಸೋಗೆ ಹೊದಿಸಿದ ಚಪ್ಪರ ಹಾಕಿಕೊಂಡು ಗಂಡಹೆಂಡತಿ ಇಬ್ಬರು ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದರು. ಇದ್ದಲಿನ ಇಸ್ತ್ರಿಪೆಟ್ಟಿಗೆ, ಒಂದು ಮೇಜು, ಬಟ್ಟೆಯ ಗಂಟುಗಳು, ಅಷ್ಟೇ ಅವರ ಅಂಗಡಿ.

ಬೆಂಕಿ ನೋಡಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಸೀಮೆಎಣ್ಣೆ ಡಬ್ಬವನ್ನು ಮುಂದಿನ ಬೀದಿಗೆ ಒಯ್ದಿಟ್ಟದ್ದು. ಎರಡನೆಯದು ಅತ್ತೆಯ ಕೈ ಹಿಡಿದು ಹೊರಗೆ ಕರೆದದ್ದು. ಅವರು ದೇವರ ಪಟಗಳನ್ನು ತೆಗೆದುಕೊಳ್ಳದೆ ಬರುವುದಿಲ್ಲ ಎಂದರು, ತೆಗೆದುಕೊಂಡೇ ಬಂದರು. ನಲ್ಲಿಯಲ್ಲಿ ನೀರು ಬಂದು ಎರಡು ದಿನವಾಗಿತ್ತು. ಡ್ರಮ್ಮು, ಕೊಳಗ, ಕುಡಿಯುವ ಕೊಡ ಸಮೇತ ಎಲ್ಲ ಮನೆಗಳ ನೀರನ್ನೂ ತಂದರು. ಎರಡನೇ ಮನೆಯ ಮೇಷ್ಟ್ರು ಗೋಣಿಚೀಲ ನೆನೆಸಿ ಬಡಿಯತೊಡಗಿದರು. ಯಾರೋ ಓಡಿ ಹೋಗಿ ಮೆಡಿಕಲ್ ಸ್ಟೋರಿನಿಂದ ಫೋನ್ ಮಾಡಿದರು.

ಫೈರ್ ಇಂಜಿನ್ ಬೇಗನೇ ಬಂತು, ಆದರೆ ಓಣಿಯ ಬಾಯಲ್ಲಿ ನಿಂತುಬಿಟ್ಟಿತು. ಓನರ್ ತಮ್ಮ ಮನೆಯ ಪಕ್ಕಕ್ಕೆ ಜಗಲಿ ಬೆಳೆಸಿ ಬಟ್ಟೆ ಒಗೆಯುವ ಕಲ್ಲು ಹಾಕಿಸಿದ್ದರು. ಅದರಾಚೆಗೆ ಯಾರದೋ ಇಟ್ಟಿಗೆ ರಾಶಿ. ಗಾಡಿಯ ಮೂತಿಯೂ ಒಳಗೆ ಹೋಗಲಿಲ್ಲ. ಫೈರಿನವರು ಪೈಪನ್ನು ಹೆಗಲ ಮೇಲೆ ಹೊತ್ತು ಓಡಿದರು. ಅಷ್ಟರಲ್ಲಿ ಗಾಳಿಗೆ ಗರಿಯ ಕಿಡಿಗಳು ಹಾರಿ ಹೊಂಗೆ ಮರದ ಕೆಳಗಿನ ಚಪ್ಪರ ಹತ್ತಿಕೊಂಡಿತ್ತು. ಇಸ್ತ್ರಿಯವಳು ಗಂಟುಗಳನ್ನೆಲ್ಲ ಎಳೆದು ಮೋರಿಯಾಚೆ ಎಸೆದಿದ್ದಳು. ಒಂದು ಸೀರೆ ಮಾತ್ರ ಸೆರಗಿನ ಕಡೆ ಸುಟ್ಟಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಆರಿತು. ನಮ್ಮ ಸೌದೆ ಪೂರ್ತಿ ಹೋಯಿತು, ಎರಡನೇ ಮನೆಯವರದು ಅರ್ಧ ಹೋಯಿತು, ಚಪ್ಪರ ಹೋಯಿತು. ಜನಕ್ಕೆ ಏನೂ ಆಗಲಿಲ್ಲ.

ಗಂಡಸರೆಲ್ಲ ಓಣಿಯ ಬಾಯಲ್ಲಿ ಸೇರಿ ಜಗಲಿಯ ವಿಷಯಕ್ಕೆ ಓನರ್ ಜೊತೆ ಏರುದನಿಯಲ್ಲಿ ಮಾತಾಡುತ್ತಿದ್ದರು. ಫೈರಿನವರಲ್ಲಿ ವಯಸ್ಸಾದ ಒಬ್ಬರು ಮಾತ್ರ ನಮ್ಮ ಹಿತ್ತಲ ಬಾಗಿಲ ಮುಂದೆ ನಿಂತು ಕೊಕ್ಕೆಯಿಂದ ರಾಶಿಯನ್ನು ಕೆದಕುತ್ತಿದ್ದರು. ಬುಡದಲ್ಲಿ ಬಿಳಿಯ ನುಣ್ಣನೆ ಬೂದಿ ಇತ್ತು. ಅದು ಆ ಬೆಂಕಿಯದಲ್ಲ. ಅವರು ಅದನ್ನು ನೋಡಿದರು, ಬಾಗಿಲಲ್ಲಿದ್ದ ನನ್ನನ್ನೂ ಅತ್ತೆಯನ್ನೂ ನೋಡಿದರು.

"ಚಿಪ್ಪಿನ ಕೆಂಡ ಬೂದಿ ಒಳಗೆ ಅರ್ಧ ದಿನ ಇರ್ತದೆ ಕಣಮ್ಮ. ನೀರು ಹುಯ್ದು, ಕೈಯಿಟ್ಟು ನೋಡಿ, ಆಮೇಲೆ ಆಚೆಗೆ ಹಾಕಿ" ಎಂದರು. ಬೈಯಲಿಲ್ಲ. ಸೌದೆಯನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ, ಒಂದು ಬಕೀಟು ಮರಳು ಬಾಗಿಲಲ್ಲಿ ಇಟ್ಟುಕೊಳ್ಳಿ ಎಂದೂ ಹೇಳಿ, ಪೈಪು ಸುತ್ತಿಕೊಂಡು ಹೋದರು.

ಆ ದಿನ ಶುಕ್ರವಾರ. ಅತ್ತೆಗೂ ನನಗೂ ಎಣ್ಣೆನೀರು. ಹಂಡೆ ಒಲೆಗೆ ಚಿಪ್ಪು ಹಾಕಿ ಹಾಕಿ ಮಧ್ಯಾಹ್ನದವರೆಗೂ ಉರಿಸಿದ್ದೆ. ಎರಡು ದಿನದ ಬೂದಿ ತುಂಬಿಕೊಂಡು ಉರಿ ಏಳುತ್ತಿರಲಿಲ್ಲವೆಂದು ಒಂದು ಮೊರದಷ್ಟು ಎಳೆದು ಹಿಂದೆ ಚೆಲ್ಲಿದ್ದೆ. ಚೆಲ್ಲುವಾಗ ಕೆಂಪಗೆ ಎರಡು ಚೂರು ಕಂಡಿತು. ಆರುತ್ತದೆ ಬಿಡು ಎಂದುಕೊಂಡು ಒಳಗೆ ಬಂದೆ.

ನೀರು ಹಾಕದೇ ಇದ್ದದ್ದು ಮರೆತು ಅಲ್ಲ. ನಮ್ಮಲ್ಲಿ ಒಲೆಯ ಬೆಂಕಿಗೆ ನೀರು ಹುಯ್ಯುವುದಿಲ್ಲ. ಸತ್ತವರ ಮನೆಯಲ್ಲಿ ಮಾತ್ರ ಹಾಗೆ ಆರಿಸುತ್ತಾರೆ ಎನ್ನುವುದು ಅತ್ತೆಯ ಮಾತು. ಶುಕ್ರವಾರ, ಮಂಗಳವಾರವಂತೂ ಕೇಳುವುದೇ ಬೇಡ, ಪಕ್ಕದವರು ಬಂದು ಒಂದು ಕೆಂಡ ಬೇಡಿದರೂ ಕೊಡುತ್ತಿರಲಿಲ್ಲ. ನನ್ನ ತವರಿನಲ್ಲೂ ಹೀಗೇ. ಊರಿನಲ್ಲಿ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಬೂದಿಯನ್ನು ಮನೆಯಿಂದ ದೂರದ ತಿಪ್ಪೆಗುಂಡಿಗೆ ಹಾಕುತ್ತೇವೆ, ಅಲ್ಲಿ ಹಸಿ ಸಗಣಿ, ಗಂಜಲ ಎಲ್ಲ ಸೇರಿ ಕೆಂಡ ತಾನಾಗಿ ಆರುತ್ತದೆ. ಪೇಟೆಗೆ ಬರುವಾಗ ನಾವು ನೇಮವನ್ನು ತಂದೆವು, ತಿಪ್ಪೆಯನ್ನು ತರಲಿಲ್ಲ. ಒಂಬತ್ತು ವರ್ಷ ಅದೇ ಓಣಿಗೆ ಬೂದಿ ಚೆಲ್ಲಿದ್ದೆ. ಒಂಬತ್ತು ವರ್ಷ ಏನೂ ಆಗದಿದ್ದದ್ದೇ ಆಶ್ಚರ್ಯ.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಏನೇನು ಕಾಪಾಡಿದ ಎಂದು ಎಣಿಸಿ ಕೈಮುಗಿಯುವುದು ನನ್ನ ರೂಢಿ. ಅಂದು ಎಣಿಸುವುದಕ್ಕೆ ಬಹಳ ಇತ್ತು. ಮಗಳು ಊರಲ್ಲಿರಲಿಲ್ಲ. ಗಾಳಿ ಮನೆಗಳ ಕಡೆಗೆ ಬೀಸಲಿಲ್ಲ. ಸೀಮೆಎಣ್ಣೆ ಡಬ್ಬ ಸಮಯಕ್ಕೆ ಕೈಗೆ ಸಿಕ್ಕಿತು. ಮೇಷ್ಟ್ರಿಗೆ ಅಂದು ಸ್ಕೂಲಿರಲಿಲ್ಲ. ಕೊನೆಗೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ ಎನ್ನುವುದನ್ನೂ ಎಣಿಸಿದೆ. ಎಣಿಸಿದ ಮೇಲೆ ಅದು ಅಲ್ಲಿ ಸೇರುವಂಥದ್ದಲ್ಲ ಅನ್ನಿಸಿತು. ಆದರೂ ಎದ್ದು ಹೋಗಿ ಯಾರಿಗೂ ಹೇಳಲಿಲ್ಲ.

ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ, ಯಾಕೆಂದರೆ ಶನಿವಾರ ಬೆಳಗಿನ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು: ಬೆಂಕಿ ಹತ್ತಿದ್ದು ಇಸ್ತ್ರಿಯವರ ಇದ್ದಲಿನಿಂದ. ಬೀದಿಯಲ್ಲಿ ದಿನವಿಡೀ ಕೆಂಡ ಇಟ್ಟುಕೊಂಡು ಕೂರುವವರು ಅವರೊಬ್ಬರೇ. ರಾಶಿ ಪೂರ್ತಿ ಸುಟ್ಟದ್ದು ಮೂರನೇ ಮನೆಯ ಹಿಂದೆ, ಚಪ್ಪರ ಇರುವುದು ಆರನೆಯದರಾಚೆ. ನಡುವೆ ಮೂರು ಮನೆಯ ಸೌದೆ ಮುಟ್ಟದೆ ಹಾಗೇ ಇತ್ತು. ಒಂದು ಸಲ ಹಿಂದೆ ಹೋಗಿ ನೋಡಿದ್ದರೆ ತಿಳಿಯುತ್ತಿತ್ತು. ಯಾರೂ ಹೋಗಲಿಲ್ಲ. ಓನರ್ ಅವರಿಬ್ಬರನ್ನು ಕರೆಸಿ, ಮುನಿಸಿಪಾಲ್ಟಿಯವರು ಬಂದು ಹೇಳುವ ತನಕ ಪೆಟ್ಟಿಗೆಗೆ ಇದ್ದಲು ಹಾಕಕೂಡದು ಎಂದರು. ಮನೆಮನೆಯವರು ಹೋಗಿ ಕೊಟ್ಟಿದ್ದ ಬಟ್ಟೆಗಳನ್ನು ಇಸ್ತ್ರಿಯಾಗದೆಯೇ ವಾಪಸು ತಂದುಕೊಂಡರು. ಗಂಡ ಮರಕ್ಕೊರಗಿ ಸುಮ್ಮನೆ ಬೀಡಿ ಸೇದುತ್ತಿದ್ದ. ಹೆಂಡತಿ ಕರಿ ಹಿಡಿದ ಮೇಜನ್ನು ತಿಕ್ಕುತ್ತಿದ್ದಳು. ಹಿತ್ತಲ ಬಾಗಿಲು ತೆಗೆದರೆ ಇಬ್ಬರೂ ಕಾಣುತ್ತಿದ್ದರು. ನಾನು ಆ ಬಾಗಿಲು ಹಾಕಿಯೇ ಇಟ್ಟೆ.

ರಾತ್ರಿ ಊಟಕ್ಕೆ ಬಡಿಸುವಾಗ ಯಜಮಾನರಿಗೆ ಬೂದಿಯ ವಿಷಯ ಹೇಳಿದೆ. ಅವರು ಅನ್ನ ಕಲೆಸುತ್ತಾ, ಸದ್ಯ ಸುಮ್ಮನಿರು, ಓನರ್ ಮನೆ ಬಿಡಿ ಅಂದರೆ ಈ ಬೇಸಿಗೆಯಲ್ಲಿ ಎಲ್ಲಿಗೆ ಹೋಗೋದು ಎಂದರು. ಅದೂ ನಿಜವೇ. ಎರಡು ದಿನದಿಂದ ಅತ್ತೆ ಮಾತು ಕಡಿಮೆ ಮಾಡಿದ್ದರು.

ಭಾನುವಾರ ಬೆಳಗ್ಗೆ ಓನರ್ ಒಂದು ಅರ್ಜಿ ಹಿಡಿದುಕೊಂಡು ಬಂದರು. ಹೊಂಗೆ ಮರದ ಕೆಳಗಿನ ಅಂಗಡಿಯನ್ನು ಎತ್ತಿಸಬೇಕೆಂದು ಮುನಿಸಿಪಾಲ್ಟಿಗೆ ಬರೆದದ್ದು. ಉಳಿದ ಮನೆಗಳವರೆಲ್ಲ ಸಹಿ ಹಾಕಿದ್ದರು, ಮೇಷ್ಟ್ರೂ ಸೇರಿ. ಕುರ್ಚಿ ಎಳೆದು ಕೂತು ಕಾಗದವನ್ನು ನಮ್ಮ ಯಜಮಾನರ ಕೈಗೆ ಕೊಟ್ಟರು.

"ಇದೊಂದು ಸೈನ್ ಬಿದ್ರೆ ನಾಳೆ ಕೊಟ್ಟು ಬರ್ತೀನಿ. ವಾರದೊಳಗೆ ಖಾಲಿ ಮಾಡಿಸ್ತಾರಂತೆ, ಮಾತಾಡಿದೀನಿ."

ಯಜಮಾನರು ಪೆನ್ನು ಹುಡುಕಿದರು. ಪೆನ್ನು ಅವರ ಜೇಬಿನಲ್ಲೇ ಇತ್ತು. ನಾನು ಕಾಫಿ ಲೋಟ ತಂದು ಓನರ್ ಮುಂದೆ ಇಟ್ಟೆ. ಒಳಗೆ ಹೋಗುವುದೆಂದೇ ತಿರುಗಿದ್ದೆ, ಕಾಲು ಮುಂದೆ ಹೋಗಲಿಲ್ಲ.

"ಆ ಬೂದಿ ನಮ್ದು" ಎಂದೆ. "ಶುಕ್ರವಾರ ನಾನೇ ಚೆಲ್ಲಿದ್ದು. ಅದರಲ್ಲಿ ಕೆಂಡ ಇತ್ತು."

ಓನರ್ ಲೋಟ ಎತ್ತಿದವರು ಕೆಳಗಿಟ್ಟರು. "ನೀವು ಕಂಡ್ರಾ ಅಮ್ಮ?"

"ಕಂಡೆ. ಆರುತ್ತೆ ಅಂದ್ಕೊಂಡೆ. ಅವ್ರಿಗೂ ಇದಕ್ಕೂ ಸಂಬಂಧ ಇಲ್ಲ. ಬೇಕಾದ್ರೆ ಹಿಂದೆ ಬಂದು ನೋಡಿ, ಎಲ್ಲಿಂದ ಸುಟ್ಟಿದೆ ಅಂತ."

ಯಜಮಾನರು ನನ್ನ ಕಡೆ ನೋಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಓನರ್, ಇಷ್ಟು ವರ್ಷದ ಬಾಡಿಗೆದಾರರು ನೀವು, ಹೀಗೆ ಮಾಡಿದರೆ ಹೇಗೆ, ಒಂದು ಚೊಂಬು ನೀರು ಹುಯ್ಯೋಕೆ ಏನಾಗಿತ್ತು ಎಂದು ಶುರು ಮಾಡಿದರು. ಆಗ ಅತ್ತೆ ದೇವರ ಮನೆಯಿಂದ ಎದ್ದು ಬಂದು ಬಾಗಿಲಿಗೆ ಕೈಕೊಟ್ಟು ನಿಂತರು.

"ಹುಯ್ಯಬೇಡ ಅಂದವಳು ನಾನು ಕಣಪ್ಪ. ಅವಳು ನಾನು ಹೇಳ್ದಂಗೆ ಮಾಡವಳೆ. ಬರ್ಕೊಳೋದಾದ್ರೆ ನನ್ನೆಸ್ರು ಬರ್ಕೊ, ಹೆಬ್ಬೆಟ್ಟು ಒತ್ತುತೀನಿ. ಹಂಗೇ ನಿನ್ನ ಜಗಲೀನೂ ಸೇರಿಸ್ಬುಡು. ಗಾಡಿ ಒಳೀಕೆ ಬರ್ದಂಗೆ ತಡ್ದಿದ್ದು ಅದೇಯ."

ಓನರ್‌ಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಕಾಫಿ ಕುಡಿದರು. ಎದ್ದು ಹಿತ್ತಲಿಗೆ ಹೋಗಿ ನೋಡಿದರು. ಬಹಳ ಹೊತ್ತು ನಿಂತು ನೋಡಿದರು. ವಾಪಸು ಬಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಇನ್ನು ಮೇಲೆ ಓಣಿಯಲ್ಲಿ ಯಾರದೂ ಒಂದು ಕಡ್ಡಿ ಸೌದೆ ಇರಕೂಡದು, ಬೂದಿಯನ್ನು ನೆನೆಸಿ ತಗಡಿನ ಡಬ್ಬದಲ್ಲಿ ಹಾಕಬೇಕು, ಒಪ್ಪದವರು ಬೇರೆ ಮನೆ ನೋಡಿಕೊಳ್ಳಬಹುದು ಎಂದರು. ಇಸ್ತ್ರಿಯವರಿಗೆ ಇದ್ದಲು ಹಾಕ್ಕೊಳ್ಳಿ ಅಂತ ನೀವೇ ಹೋಗಿ ಹೇಳಿ, ನನಗೆ ಮುಖ ಇಲ್ಲ ಎಂದು ಹೊರಟರು. ಆ ವಾರವೇ ಒಗೆಯುವ ಕಲ್ಲನ್ನು ಎತ್ತಿಸಿದರು. ಜಗಲಿಯನ್ನು ಒಡೆಸಲಿಲ್ಲ. ನಮ್ಮನ್ನೂ ಬಿಡಿಸಲಿಲ್ಲ, ಇನ್ನೂ ಆರು ವರ್ಷ ಅಲ್ಲೇ ಇದ್ದೆವು.

ಆ ಭಾನುವಾರ ಓನರ್ ಹೊರಟ ಕೂಡಲೇ ನಾನು ಸೆರಗು ಹೊದ್ದು ಹಿತ್ತಲ ಬಾಗಿಲಿನಿಂದ ಹೊಂಗೆ ಮರದ ಹತ್ತಿರ ಹೋದೆ. ಇಸ್ತ್ರಿಯವಳು ಚಪ್ಪರದ ಸುಟ್ಟ ಗಳುಗಳನ್ನು ಬೇರೆ ಮಾಡುತ್ತಿದ್ದಳು. ಗಂಡ ಇರಲಿಲ್ಲ, ಬೇರೆ ಬೀದಿಯಲ್ಲಿ ಜಾಗ ವಿಚಾರಿಸಲು ಹೋಗಿದ್ದನಂತೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೂದಿ ನಮ್ಮದು ಎಂದು, ಓನರ್‌ಗೂ ಹೇಳಿದ್ದೇನೆ ಎಂದು, ಅರ್ಜಿ ಹೋಗುವುದಿಲ್ಲ ಎಂದು. ನನ್ನಿಂದ ತಪ್ಪಾಯಿತು ಎಂದೂ ಹೇಳಿದೆ.

ಅವಳು ಕೈ ಕೊಡವಿಕೊಂಡು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಾಗಲಿ ಖುಷಿಯಾಗಲಿ ಇರಲಿಲ್ಲ.

"ಎರಡು ದಿನ ಆಯ್ತಲ್ಲಕ್ಕ" ಎಂದಳು. "ಶುಕ್ರವಾರ ಸಾಯಂಕಾಲನೇ ಹೇಳಿದ್ರೆ ಜನ ಬಟ್ಟೆ ಹೊತ್ಕೊಂಡು ಹೋಗ್ತಿರ್ಲಿಲ್ಲ. ಇವಾಗ ಅವ್ರು ತಿರುಗಿ ತತ್ತಾರಾ?"

"ನಾನು ಮನೆಮನೆಗೆ ಹೋಗಿ ಹೇಳ್ತೀನಿ" ಎಂದೆ.

"ಹೇಳಿ" ಎಂದಳು. ಮತ್ತೆ ಗಳುಗಳ ಕಡೆ ಬಗ್ಗಿದಳು.

ಓನರ್ ಮನೆ ಬಿಟ್ಟು ಉಳಿದ ನಾಲ್ಕು ಮನೆಗೂ ಹೋದೆ. ಒಬ್ಬರು ನೀವು ಹೇಳಬಾರದಿತ್ತು ಎಂದರು. ಇನ್ನೊಬ್ಬರು ಬಾಗಿಲಲ್ಲೇ ಮಾತು ಮುಗಿಸಿದರು. ಮೇಷ್ಟ್ರ ಹೆಂಡತಿ ಮಾತ್ರ ಒಳಗೆ ಹೋಗಿ ಎರಡು ಪಂಚೆ, ನಾಲ್ಕು ಶರ್ಟು ತಂದು, ನೀವೇ ಅವಳಿಗೆ ಕೊಟ್ಟುಬಿಡಿ ಎಂದು ನನ್ನ ಕೈಗೆ ಹಾಕಿದರು. ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಎಣಿಸಿ, ಮಡಚಿ, ಮೇಜಿನ ಮೇಲಿಟ್ಟಳು. ಇದ್ದಲಿನ ಚೀಲ ಎಲ್ಲಿದೆ ಎಂದು ಹುಡುಕತೊಡಗಿದಳು.

ಮನೆಗೆ ಬಂದಾಗ ಹನ್ನೊಂದಾಗಿತ್ತು. ಯಜಮಾನರು ಪೇಪರ್ ಓದುತ್ತಿದ್ದರು. ಅಡುಗೆ ತಡವಾಯಿತು ಎಂದು ಯಾರೂ ಅನ್ನಲಿಲ್ಲ, ಅದನ್ನು ದೇವರ ಲೆಕ್ಕಕ್ಕೆ ಹಾಕಿದೆ. ಅತ್ತೆ ಹಲಸಂದೆ ಕಾಯಿ ಬಿಡಿಸುತ್ತಾ ಕೂತಿದ್ದರು. ಅವರ ಪಕ್ಕಕ್ಕೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡು ನಾರು ಎಳೆಯತೊಡಗಿದೆ.