ಪದ್ಮವ್ವ ಮೊದಲು ಉಂಡ ದಿನ

ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಶಿವಲಿಂಗಪ್ಪನವರ ಖಾನಾವಳಿಯ ಮಾಳಿಗೆಯ ಮೇಲೆ ನನ್ನ ಇಂಗ್ಲಿಷ್ ಕ್ಲಾಸು. ಕೆಳಗೆ ಪದ್ಮವ್ವ ರೊಟ್ಟಿ ಬಡಿಯುವ ಸದ್ದು, ಮೇಲೆ ನಾನು ಕಾಲೇಜು ಹುಡುಗರಿಗೆ ಪಾಠ ಒದರುವ ಸದ್ದು. ಎರಡರಲ್ಲಿ ಊರಿಗೆ ಹೆಚ್ಚು ಉಪಯೋಗವಾದದ್ದು ಯಾವುದೆಂದು ಕೇಳಬೇಡಿ. ಎರಡು ವರ್ಷ ನಾನು ಆಕೆಯ ಕೈಯ ರೊಟ್ಟಿಯನ್ನೇ ಉಂಡೆ. ಆಕೆ ಯಾವಾಗ ಉಣ್ಣುತ್ತಾಳೆ ಎಂಬ ಪ್ರಶ್ನೆ ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ. ಓದಿದವಳೆಂಬ ಜಂಬಕ್ಕೆ ಮಾತ್ರ ಏನೂ ಕಡಿಮೆಯಿರಲಿಲ್ಲ.

ಪದ್ಮವ್ವ ಅಥಣಿ ಕಡೆಯವಳು. ಗಂಡ ಶಿದ್ರಾಮನ ಜೊತೆ ಕಟ್ಟಡದ ಕೂಲಿಗೆಂದು ಸಾಂಗ್ಲಿಗೆ ಬಂದು, ಇಟ್ಟಿಗೆ ಹೊತ್ತು ಸೊಂಟ ಹಿಡಿದ ಮೇಲೆ ಈ ಒಲೆಯ ಮುಂದೆ ಕೂತಳು. ಅದಕ್ಕೀಗ ಹನ್ನೊಂದು ವರ್ಷ. ಓದಿದ್ದು ಏಳನೇ ತರಗತಿಯವರೆಗೆ. ಶಿದ್ರಾಮನಿಗೆ ವಾರದಲ್ಲಿ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಮನೆ ನಿಂತಿದ್ದು ಈ ಒಲೆಯ ಮೇಲೆಯೇ.

ಒಂದು ಮಧ್ಯಾಹ್ನ ಮೆಸ್ಸಿಗೆ ಉಣ್ಣಲು ಬರುವ ಕಾಲೇಜು ಹುಡುಗನೊಬ್ಬ ಆಕೆಯ ಬದನೆಕಾಯಿ ಪಲ್ಯದ ವಾಟಿಯನ್ನು ಬೆರಳಿನಿಂದ ದೂಡಿ ಇಂಗ್ಲಿಷಿನಲ್ಲಿ ಏನೋ ಅಂದ. ಉಳಿದವರು ನಕ್ಕರು. ಅಂದೇ ನಾಲ್ಕು ಗಂಟೆಗೆ ಪದ್ಮವ್ವ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. ಕೇಳಿದ್ದನ್ನು ಅಕ್ಷರ ತಪ್ಪದೆ ಒಪ್ಪಿಸಿದಳು: ‘ಸೆಂಡ್ ಇಟ್ ಬ್ಯಾಕ್.’ ಅಂದರೆ ವಾಪಸು ಕಳಿಸು ಎಂದು ನಾನು ಹೇಳಿದೆ.

“ಇನ್ನ ಮುಂದ ಅವ್ರು ಏನಂದ್ರೂ ನನಗ ತಿಳೀಬೇಕ್ರಿ ಮ್ಯಾಡಂ. ನನ್ನ ಹೆಸರು ಬರಕೋರಿ.”

ಬರೆದುಕೊಂಡೆ. ದಿನಾ ನಾಲ್ಕಕ್ಕೆ ಬಂದು ಹಿಂದಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಮೂರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಬಿ.ಎ. ಹುಡುಗರು ಆಕೆಯ ವಹಿಯಲ್ಲಿ ಇಣುಕಿ ಉತ್ತರ ಕದಿಯತೊಡಗಿದ್ದರು.

ಆಮೇಲೆ ಅಡುಗೆ, ಊಟದ ಪಾಠ ಬಂತು. ಎರಡೆರಡು ಪದ ಕೂಡಿ ಒಂದು ಕ್ರಿಯೆಯಾಗುವ ಇಂಗ್ಲಿಷಿನ ಹತ್ತು ಮಾತುಗಳನ್ನು ಬೋರ್ಡಿನ ಮೇಲೆ ಬರೆದೆ. ಒಂದೊಂದಕ್ಕೂ ನಿಮ್ಮ ದಿನದಿಂದಲೇ ಒಂದು ವಾಕ್ಯ ಬರೆಯಿರಿ, ಎಲ್ಲ ಖರೆಯಿರಬೇಕು, ಸುಳ್ಳಾದರೆ ನನಗೆ ಗೊತ್ತಾಗುತ್ತದೆ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ.

ಮರುದಿನ ಪದ್ಮವ್ವನ ವಹಿ ನೋಡಿದೆ. ‘ಕಟ್ ಅಪ್’ಗೆ ಉಳ್ಳಾಗಡ್ಡಿ ಹೆಚ್ಚಿದ್ದಳು, ‘ಹೀಟ್ ಅಪ್’ಗೆ ಆಮಟಿ ಸಾರು ಬಿಸಿ ಮಾಡಿದ್ದಳು, ‘ಡಿಶ್ ಔಟ್’ಗೆ ನಲವತ್ತು ತಾಟಿಗೆ ಬಡಿಸಿದ್ದಳು, ‘ವಾಶ್ ಅಪ್’ಗೆ ಆ ನಲವತ್ತನ್ನೂ ತೊಳೆದಿದ್ದಳು. ಹೀಗೆ ಏಳು ವಾಕ್ಯ, ಒಂದೂ ತಪ್ಪಿಲ್ಲ. ಮೂರು ಖಾಲಿ. ‘ಡಿಗ್ ಇನ್’, ಅಂದರೆ ತಾಟು ಮುಂದೆ ಬಂದ ಕೂಡಲೇ ಬಿಸಿಬಿಸಿ ಉಣ್ಣಲು ತೊಡಗುವುದು. ‘ಫಿಲ್ ಅಪ್’, ಹೊಟ್ಟೆ ತುಂಬ ಉಣ್ಣುವುದು. ‘ಈಟ್ ಔಟ್’, ಹೊರಗೆ ಹೋಗಿ ಉಣ್ಣುವುದು.

ಅರ್ಥವಾಗಲಿಲ್ಲವೇ ಎಂದು ಕೇಳಿದೆ. ಅರ್ಥ ಆಗಿದೆ, ಆದರೆ ಹಾಗೆ ಎಂದೂ ಉಂಡಿಲ್ಲ ಎಂದಳು. ಕೊನೆಯ ಪಂಕ್ತಿ ಎದ್ದ ಮೇಲೆ, ಮೂರು ಗಂಟೆಗೆ, ಉಳಿದ ಎರಡು ತಣ್ಣನೆಯ ರೊಟ್ಟಿ, ಪಾತೆಲಿಯ ತಳದ ಪಲ್ಯ. ಪಲ್ಯವೂ ಮುಗಿದಿದ್ದರೆ ಮೆಣಸಿನಕಾಯಿ. ಹನ್ನೊಂದು ವರ್ಷವೂ ಹಾಗೆಯೇ. ನಾನು ಬುದ್ಧಿವಂತಳಲ್ಲವೇ, ಇರಲಿ, ಏನಾದರೂ ಕಲ್ಪಿಸಿ ಬರೆಯಿರಿ ಎಂದೆ.

“ಖರೇ ಬರೀರಿ ಅಂದಾವ್ರು ನೀವ. ಈಗ ಸುಳ್ಳು ಬರಿ ಅಂತೀರಿ?” ವಹಿ ಮುಚ್ಚಿದಳು. “ನಾಳೆ ತುಂಬತೇನಿ.”

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂತಿತ್ತು. ನಾನೂ ಕೂತಿದ್ದೆ. ಪದ್ಮವ್ವ ಒಳಗಿನಿಂದ ತಾಟು ಹಿಡಿದು ಬಂದಳು. ಹೊಗೆಯಾಡುವ ಮೂರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜಜ್ಜಿದ ಉಳ್ಳಾಗಡ್ಡಿ. ಯಾರಿಗೋ ತಂದಳೆಂದುಕೊಂಡೆವು. ಆಕೆ ನನ್ನೆದುರಿನ ಖುರ್ಚಿ ಎಳೆದು ಕೂತು ರೊಟ್ಟಿ ಮುರಿದಳು.

ಶಿವಲಿಂಗಪ್ಪನವರು ಕೆಟ್ಟವರಲ್ಲ. ಕೃಷ್ಣೆಯ ನೀರು ಊರೊಳಗೆ ನುಗ್ಗಿದ ವರ್ಷ ಸಾಂಗ್ಲಿವಾಡಿಯ ಮಂದಿಗೆ ಎಂಟು ದಿನ ಊಟ ಹಾಕಿದವರು. ಆ ಎಂಟು ದಿನ ರೊಟ್ಟಿ ಬಡಿದದ್ದು ಯಾರೆಂದು ಯಾರೂ ಕೇಳಲಿಲ್ಲ, ಅಷ್ಟೇ.

“ಪದ್ಮವ್ವಾ, ಮೆಸ್ಸಿನ ಮೆಂಬರ್ ಕುಂತಾರ,” ಎಂದರು ದುಡ್ಡಿನ ಗಲ್ಲೆಯ ಹಿಂದಿನಿಂದಲೇ.

“ನಾನೂ ಕುಂತೇನ್ರಿ ಮಾಲಕರ.”

ಅವರು ಎದ್ದು ಬಂದರು. ದನಿ ತಗ್ಗಿಸಿ, ತಮ್ಮ ಮನೆಯವರಾದ ಗುರುಶಾಂತವ್ವನೂ ಎಲ್ಲರದಾದ ಮೇಲೆಯೇ ಉಣ್ಣುತ್ತಾರೆ, ಈ ಪದ್ಧತಿ ಒಗ್ಗದಿದ್ದರೆ ನಾಳೆಯಿಂದ ಬರಬೇಡ ಎಂದರು. ನನ್ನ ಹೋಮ್‌ವರ್ಕಿನ ಸಲುವಾಗಿ ಒಂದು ಮನೆಯ ಒಲೆ ಆರುವುದರಲ್ಲಿತ್ತು. ಏಳಿರಿ ಪದ್ಮವ್ವ ಎಂದು ನಾನೇ ಅನ್ನುವವಳಿದ್ದೆ. ಅಷ್ಟು ಪುಕ್ಕಲಿ ನಾನು.

ಪದ್ಮವ್ವ ಬಾಯಲ್ಲಿದ್ದದ್ದನ್ನು ಅವಸರವಿಲ್ಲದೆ ಅಗಿದು ನುಂಗಿದಳು.

“ಉಂಡು ಎದ್ದ ಮ್ಯಾಲ ಹೇಳ್ರಿ. ಉಣ್ಣಾಕ ಕುಂತಾವ್ರನ್ನ ಎಬ್ಬಸೂ ಪದ್ಧತಿ ನಿಮ್ಮನ್ಯಾಗಿಲ್ಲ.”

ಶಿವಲಿಂಗಪ್ಪನವರು ಹಣೆಗೆ ವಿಭೂತಿ ಹಚ್ಚಿದ ಮನುಷ್ಯ, ತಾಟಿನ ಮುಂದಿನಿಂದ ಯಾರನ್ನೂ ಎಬ್ಬಿಸಿದವರಲ್ಲ. ನಿಂತೇ ಇದ್ದರು. ಇಪ್ಪತ್ತು ಹುಡುಗರು ಖಾಲಿ ತಾಟು ಮುಂದಿಟ್ಟುಕೊಂಡು ಕಾಯ್ದರು. ಪಲ್ಯ ದೂಡಿದ ಹುಡುಗನೂ ಕಾಯ್ದ. ಪದ್ಮವ್ವ ಮೂರೂ ರೊಟ್ಟಿ ಉಂಡು, ನಾಲ್ಕನೆಯದನ್ನು ತಂದುಕೊಂಡು ಅದನ್ನೂ ಉಂಡು, ಕೈತೊಳೆದು ಬಂದು ನಿಂತಳು.

“ಈಗ ಹೇಳ್ರಿ.”

ಶಿವಲಿಂಗಪ್ಪನವರು ಹುಡುಗರನ್ನು ನೋಡಿದರು, ಖಾಲಿ ಹಂಚನ್ನು ನೋಡಿದರು. “ರೊಟ್ಟಿ ಬಡಿ,” ಎಂದರು.

ಅಂದಿನಿಂದ ಪದ್ಮವ್ವನ ಊಟ ಹನ್ನೆರಡಕ್ಕೆ, ಮೊದಲ ಪಂಕ್ತಿಗಿಂತ ಮೊದಲು. ಮಾಲಕರ ಮನಸ್ಸು ಕರಗಿತೆಂದು ತಿಳಿಯಬೇಡಿ. ಒಂದು ಹೊತ್ತಿಗೆ ಇನ್ನೂರು ರೊಟ್ಟಿ ಬಡಿಯುವ ಇನ್ನೊಂದು ಜೋಡಿ ಕೈ ಈ ಊರಲ್ಲಿ ಸಿಗುವುದಿಲ್ಲ. ಅದು ಅವರಿಗೂ ಗೊತ್ತು, ಆಕೆಗೂ ಗೊತ್ತು.

ವಹಿಯಲ್ಲಿ ಎರಡು ವಾಕ್ಯ ತುಂಬಿದವು. ‘ಈಟ್ ಔಟ್’ ಉಳಿಯಿತು. ನಡೆಯಿರಿ, ನಾನೇ ಒಂದು ಹೋಟೆಲಿಗೆ ಕರೆದೊಯ್ಯುತ್ತೇನೆ ಎಂದೆ. ನೀವು ಕರೆದುಕೊಂಡು ಹೋದರೆ ಅದು ನಿಮ್ಮ ವಾಕ್ಯವಾಗುತ್ತದೆ ಎಂದುಬಿಟ್ಟಳು.

ಐತವಾರ ಸಂಜೆ ಖಾನಾವಳಿಗೆ ಸೂಟಿ. ಪದ್ಮವ್ವ ಇದ್ದುದರಲ್ಲಿ ಚಲೋ ಸೀರೆಯುಟ್ಟು, ಶೇರ್ ರಿಕ್ಷಾ ಹತ್ತಿ, ಒಬ್ಬಳೇ ಮಿರಜಿಗೆ ಹೋಗಿ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಕೂತಳು. ಸೋಮವಾರ ವಹಿ ತಂದಳು. ‘ಐ ಏಟ್ ಔಟ್’ ಎಂದಿತ್ತು. ಅದರ ಕೆಳಗೆ, ನಾನು ಕೊಡದಿದ್ದ ಇನ್ನೊಂದು ಸಾಲು: ‘ರೋಟಿ ವಾಜ್ ಕೋಲ್ಡ್. ಐ ಸೆಂಟ್ ಇಟ್ ಬ್ಯಾಕ್.’

ನಾನು ಜೋರಾಗಿ ನಕ್ಕೆ. ಆಮೇಲೆ ಚೇಷ್ಟೆಗೆಂದು, ಒಳಗೆ ರೊಟ್ಟಿ ಬಡಿಯುವವಳ ನೆನಪಾಗಲಿಲ್ಲವೇ ಎಂದು ಕೇಳಿದೆ. ಪದ್ಮವ್ವ ನಗಲಿಲ್ಲ.

“ಆತಲ್ರಿ. ಅದಕ್ಕ ಒಳಗ ಹೋಗಿ ಕೇಳಿದೆ. ಮುಂಜಾನಿಂದ ಉಂಡಿದ್ದಿಲ್ಲ ಅಕಿ. ನನಗ ಬಿಸಿ ರೊಟ್ಟಿ ಆಮ್ಯಾಲ, ಮೊದಲ ಅಕಿಗೆ ಉಣ್ಣಾಕ ಕೊಡ್ರಿ ಅಂತ ಮ್ಯಾನೇಜರಗ ಹೇಳಿ, ಅಕಿ ಉಂಡು ಏಳೂತನಾ ಅಲ್ಲೇ ಕುಂತಿದ್ದೆ.”