ಟಣ್ ಮಾಮನ ಬೆರಳ ಗೆಣ್ಣು

ಲೋಕದಲ್ಲಿ ಕೆಲವರಿಗೆ ಕಣ್ಣು ಚುರುಕು, ಕೆಲವರಿಗೆ ಕಿವಿ. ನಮ್ಮ ಬೀದಿಯ ಗೇಟು ಮಾಡುವ ಯಜಮಾನರಿಗೆ ಬಲಗೈ ನಡುಬೆರಳ ಗೆಣ್ಣು. ಅವರು ಕಬ್ಬಿಣದ ಪಟ್ಟಿಯನ್ನು ಒಮ್ಮೆ ತಟ್ಟಿದರೆ ಒಳಗಿನ ಬಿರುಕು ತಾನಾಗಿಯೇ ಬಂದು ಶರಣಾಗುತ್ತಿತ್ತು. ಸೋರುತ್ತಿದ್ದ ನೀರಿನ ತೊಟ್ಟಿ ಆ ಗೆಣ್ಣಿಗೆ ಹೆದರಿ ಸೋರುವುದನ್ನೇ ಬಿಟ್ಟಿತಂತೆ. ಮಗಳನ್ನು ಕೇಳಿಕೊಂಡು ಬಂದ ವರನ ಬೆನ್ನು ತಟ್ಟಿ, “ಟೊಳ್ಳು” ಎಂದು ವಾಪಸು ಕಳಿಸಿದ್ದಂತೂ ಬೀದಿಯೇ ಕಂಡ ಸತ್ಯ. ಮಕ್ಕಳು ಅವರನ್ನು ಟಣ್ ಮಾಮ ಎಂದೇ ಕರೆಯುತ್ತಿದ್ದರು.

ಇಂಥ ಚಕ್ರವರ್ತಿಯ ಮಗಳಿಗೆ ರಕ್ತ ಕಡಿಮೆ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿಬಿಟ್ಟರು. ಹುಡುಗಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಉಗುರೆಲ್ಲ ಬಿಳಿಚಿ ಸೀಮೆಸುಣ್ಣ. ಮೈಯಲ್ಲಿ ಕಬ್ಬಿಣ ಸಾಲದು ಎಂದು ಮಾತ್ರೆ ಕೊಟ್ಟರು.

“ಟನ್‌ಗಟ್ಟಲೆ ಕಬ್ಬಿಣ ಬಿದ್ದಿರೋ ಮನೇಲಿ ಮಗಳಿಗೆ ಕಬ್ಬಿಣ ಸಾಲದಂತೆ,” ಎಂದು ಎದುರಂಗಡಿಯ ಕ್ಷೌರಿಕ ನಕ್ಕ. ಮಾಮನ ಮೀಸೆ ಅಂದೇ ಅರ್ಧ ಇಳಿಯಿತು.

ಮಾತ್ರೆ ನುಂಗಿ ನುಂಗಿ ವಾರಗಳು ಕಳೆದರೂ ಮುಖಕ್ಕೆ ಬಣ್ಣ ಬರಲಿಲ್ಲ. ಮಾಮ ವಿಚಾರಣೆಗೆ ಕೂತರು. ಮಗಳ ಹಣೆಯನ್ನು ಗೆಣ್ಣಿನಿಂದ ತಟ್ಟಿ ತೀರ್ಪು ಕೊಟ್ಟರು: “ಮಾತ್ರೇನ ಕಿಟಕಿಯಿಂದ ಎಸೀತಿದೀಯ.”

“ಇಲ್ಲಪ್ಪ. ದಿನ ಬಿಟ್ಟು ದಿನ ಸಂಜೆ ಚಳಿ ಬರುತ್ತೆ, ಆಮೇಲೆ ಜ್ವರ. ಅದನ್ನ ಡಾಕ್ಟರ ಹತ್ರ ಹೇಳೋಣ್ವಾ?”

“ನಾಟಕ,” ಎಂದರು ಮಾಮ.

ಮರುದಿನದಿಂದ ಹೊಸ ಶಾಸನ ಜಾರಿಯಾಯಿತು. ಮಗಳು ಅಂಗಡಿಯ ಮುಂದೆ ನಿಂತು ಮಾತ್ರೆ ನುಂಗಬೇಕು, ಗಿರಾಕಿಗಳ ಎದುರೇ ಬಾಯಿ ತೆಗೆದು, ನಾಲಿಗೆ ಎತ್ತಿ ತೋರಿಸಬೇಕು. ಅವಳು ತೋರಿಸಿದಳು. ಕ್ಷೌರಿಕ ಗಿರಾಕಿಯ ಗಲ್ಲದ ಮೇಲೆ ಸೋಪಿನ ನೊರೆ ಒಣಗಲು ಬಿಟ್ಟು ನೋಡಿದ. ಮದುವೆ ವಯಸ್ಸಿನ ಹುಡುಗಿ, ಕಣ್ಣು ನೆಲಕ್ಕೆ, ಬಾಯಿ ಬೀದಿಗೆ.

ಹಾಗೆ ಬಾಯಿ ತೆರೆದು ನಿಂತಿದ್ದ ಒಂದು ಬೆಳಿಗ್ಗೆಯೇ ಅವಳು ಕುಸಿದು ಬಿದ್ದಳು. ಮಾಮ ಅವಳನ್ನು ಆಟೋದಲ್ಲಿ ಹಾಕಿಕೊಂಡು ಓಡಿದರು. ನರ್ಸಮ್ಮ ಬೆರಳು ಚುಚ್ಚಿ ರಕ್ತ ಪರೀಕ್ಷೆಗೆ ಕಳಿಸಿದರು. ಮಲೇರಿಯಾ.

“ನೋಡಿ ಯಜಮಾನ್ರೇ,” ಎಂದರು ನರ್ಸಮ್ಮ, “ಈ ರೋಗಾಣು ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನ ಒಡೆಯುತ್ತೆ. ರಕ್ತ ಇಳಿಯೋದು ಹಾಗೆ. ಅದು ಬೆಳೆಯೋಕೂ ಕಬ್ಬಿಣ ಬೇಕು. ಅದಕ್ಕೆ ಸಿಗದಿರಲಿ ಅಂತ ಮೈ ತನ್ನ ಕಬ್ಬಿಣಾನ ಒಳಗೆ ಬಚ್ಚಿಟ್ಟು, ಹೊಟ್ಟೆಯಿಂದ ಬರೋದಕ್ಕೂ ಗೇಟು ಹಾಕಿಬಿಡುತ್ತೆ. ಕಳ್ಳ ಹೋಗೋವರೆಗೂ ಗೇಟು ತೆಗೆಯಲ್ಲ.”

ಗೇಟು ಎಂದ ಕೂಡಲೆ ಮಾಮನಿಗೆ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ಸಣ್ಣ ದನಿಯಲ್ಲಿ ಕೇಳಿದರು: “ಹಾಗಾದ್ರೆ... ನುಂಗಿದ್ರೂ ರಕ್ತ ಏರಲ್ವಾ?”

“ಸರಿಯಾಗಿ ಏರಲ್ಲ. ಮೊದಲು ಇದನ್ನ ವಾಸಿ ಮಾಡೋಣ, ಕಬ್ಬಿಣ ಆಮೇಲೆ. ಅಲ್ಲಮ್ಮ, ಚಳಿಜ್ವರ ಬರ್ತಿತ್ತು ಅಂತ ಯಾರಿಗೂ ಹೇಳಲಿಲ್ವಾ?”

“ಅಪ್ಪನಿಗೆ ಹೇಳಿದ್ದೆ,” ಎಂದಳು ಹುಡುಗಿ, ಗೋಡೆಯ ಕಡೆ ತಿರುಗಿ. “ತಟ್ಟಿ ನೋಡಿದ್ರು.”

ನರ್ಸಮ್ಮ ಮಾಮನ ಕೈ ನೋಡಿದರು. ಮಾಮ ಕೈಯನ್ನು ಜೇಬಿಗೆ ಹಾಕಿಕೊಂಡರು. ಜೇಬು ಆ ಗೆಣ್ಣಿಗೆ ತೀರಾ ಚಿಕ್ಕದಾಗಿತ್ತು.

ಜ್ವರ ಬಿಟ್ಟಿತು. ಆದರೆ ಅಂಗಡಿಯಲ್ಲಿ ಟಣ್ ಎನ್ನುವ ಸದ್ದೇ ಇಲ್ಲ. ಪಟ್ಟಿಗಳು ಪರೀಕ್ಷೆ ಇಲ್ಲದೆ ಪಾಸಾಗುತ್ತಿದ್ದವು. ಕ್ಷೌರಿಕ ಕರೆದರೆ ಮಾಮ ವೆಲ್ಡಿಂಗಿನ ಮುಖವಾಡ ಇಳಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ವೆಲ್ಡಿಂಗ್ ನಡೆಯುತ್ತಲೇ ಇರಲಿಲ್ಲ.

ನರ್ಸಮ್ಮ ಹೇಳಿದ ಮೇಲೆ ಕಬ್ಬಿಣದ ಮಾತ್ರೆ ಮತ್ತೆ ಶುರುವಾಯಿತು. ಮೊದಲ ಬೆಳಿಗ್ಗೆ ಮಗಳು ಇಳಿದು ಬಂದು, ಅಂಗಡಿ ತುಂಬ ಗಿರಾಕಿಗಳಿರುವಾಗಲೇ, ಅಪ್ಪನೆದುರು ನಿಂತು ಮಾತ್ರೆ ನುಂಗಿದಳು. ಯಾರೂ ಕೇಳದಿದ್ದರೂ ಬಾಯಿ ತೆಗೆದು, ನಾಲಿಗೆ ಎತ್ತಿದಳು. ಈ ಸಲ ಕಣ್ಣು ನೆಲಕ್ಕಿರಲಿಲ್ಲ.

ಮಾಮ ಮುಖವಾಡ ತೆಗೆದರು. ಕಿವಿಯೆಲ್ಲ ಕೆಂಪು.

“ಮುಚ್ಚಮ್ಮ,” ಎಂದರು. “ತಪ್ಪು ನಂದು.”

ಕ್ಷೌರಿಕ ಬಿಡುವವನೇ? “ಹಾಗೇ ಬಿಟ್ಬಿಡ್ತೀರಾ ಯಜಮಾನ್ರೇ? ಒಂದ್ಸಲ ತಟ್ಟಿ ನೋಡಿ.”

“ನನಗೆ ಗೊತ್ತಾಗೋದು ಗೇಟು ಒಂದೇ ಕಣಪ್ಪ,” ಎಂದರು ಮಾಮ.